ದರ್ಬಾರಿನ ಎಲೆ, ಬಜಾರಿನ ಎಲೆ

ಆಟಕ್ಕೆ ಕಾಸು ಬೇಕಿಲ್ಲ ಎನ್ನುವುದಕ್ಕೆ ಹಂಪಿಯ ಮಂಟಪಗಳ ಹಾಸುಗಲ್ಲೇ ಸಾಕ್ಷಿ. ಹುಲಿ-ಕುರಿ ಆಟದ ಗೆರೆಗಳನ್ನೂ ಚೌಕಾಬಾರದ ಮನೆಗಳನ್ನೂ ಅಳಿಗುಳಿಯ ಕುಳಿಗಳನ್ನೂ ಯಾರೋ ಹೊತ್ತು ಹೋಗದವರು ಕೂತು ಕೆತ್ತಿಟ್ಟಿದ್ದಾರೆ. ಕಾಯಿಗೆ ಬೆಣಚುಕಲ್ಲು, ದಾಳಕ್ಕೆ ಒಂದು ಮಗ್ಗುಲು ತೇಯ್ದ ಹುಣಸೆ ಬೀಜ. ಹಿರೇಹಡಗಲಿಯಿಂದ ಹರಪನಹಳ್ಳಿಯವರೆಗೆ, ಅತ್ತ ಕೊಟ್ಟೂರು ಕೂಡ್ಲಿಗಿಯ ಸೀಮೆಯಲ್ಲಿ, ಬಿಸಿಲೇರಿದ ಮೇಲೆ ಗುಡಿ ಕಟ್ಟೆಯ ನೆರಳಿಗೆ ಬಂದವರಿಗೆ ಇಷ್ಟು ಸಾಕಾಗುತ್ತಿತ್ತು. ಹಿರೇಹಡಗಲಿಯ ಕಲ್ಲೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು, 11ನೇ ಶತಮಾನದ್ದು. ಅದರ ಬಾಗಿಲವಾಡದ ಕುಸುರಿ ಕೆಲಸ ಮುಗಿದು ನಾನೂರು ವರ್ಷಕ್ಕೂ ಹೆಚ್ಚು ಕಳೆದ ಮೇಲಷ್ಟೇ ಎಲೆಯಾಟದ ಸುದ್ದಿ ಹಿಂದುಸ್ತಾನದ ಕಾಗದಪತ್ರಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಎಲೆಯಾಟದ ಪಾಡೇ ಬೇರೆ. ಕಲ್ಲಿನ ಮೇಲೆ ಗೀರಿಕೊಂಡು ಕೂರುವಂತಿಲ್ಲ. ಎಲೆಯನ್ನು ಒಬ್ಬರು ಮಾಡಬೇಕು, ಇನ್ನೊಬ್ಬರು ಕೊಳ್ಳಬೇಕು. ಕೊಳ್ಳುವ ಮಾತು ಬಂದ ಕೂಡಲೇ ಅಗ್ಗದ್ದೋ ದುಬಾರಿಯದೋ ಎಂಬ ಪ್ರಶ್ನೆ ಏಳುತ್ತದೆ. ಆಟಕ್ಕೆ ಕೂತ ಮೇಲೂ ಅದೇ ಪ್ರಶ್ನೆ ಮತ್ತೊಂದು ರೂಪದಲ್ಲಿ ಎದುರಾಗುತ್ತದೆ: ಕೈಯಲ್ಲಿರುವ ದೊಡ್ಡ ಎಲೆಯನ್ನು ಹಿಡಿದಿಡಬೇಕೋ, ಸಣ್ಣದನ್ನೋ? ಹೀಗೆ ಒಂದೊಂದು ಎಲೆಗೂ ಎರಡೆರಡು ಬೆಲೆ, ಒಂದು ಅಂಗಡಿಯದು, ಇನ್ನೊಂದು ಆಟದ್ದು. ಕನ್ನಡ ನಾಡಿನ ಎಲೆಯಾಟದ ಚರಿತ್ರೆಯಲ್ಲಿ ಈ ಎರಡು ಬೆಲೆಗಳು ಜೊತೆಯಾಗಿ ನಡೆದದ್ದು ಕಡಿಮೆ.

ಇಸ್ಪೀಟಿಗಿಂತ ಮೊದಲು ಇಲ್ಲಿದ್ದದ್ದು ಗಂಜೀಫಾ. ಪರ್ಷಿಯಾದ ಕಡೆಯಿಂದ ಬಂದ ಆಟ. ಬಾಬರ್ ತನ್ನ ದಿನಚರಿಯಲ್ಲಿ, 1527ರಲ್ಲಿ ಸಿಂಧ್‌ನ ಶಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳಿಸಿಕೊಟ್ಟ ಸಂಗತಿ ಬರೆದಿದ್ದಾನೆ. ಶಾ ಹಸನನೇ ಆಸೆಪಟ್ಟು ಕೇಳಿದ್ದನಂತೆ. ಅಂದರೆ ಎಲೆಗಳು ಆಗಲೇ ಒಬ್ಬ ದೊರೆ ಇನ್ನೊಬ್ಬನಿಗೆ ಉಡುಗೊರೆಯಾಗಿ ಕಳಿಸುವಷ್ಟು ಬೆಲೆಬಾಳುತ್ತಿದ್ದವು.

ಅಕ್ಬರನ ಕಾಲಕ್ಕೆ ಬಂದರೆ ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯಲ್ಲಿ ಈ ಆಟದ ದೊಡ್ಡ ವಿವರಣೆಯೇ ಇದೆ. ಹನ್ನೆರಡು ಬಣ್ಣ, ಬಣ್ಣಕ್ಕೆ ಹನ್ನೆರಡು ಎಲೆ, ಒಟ್ಟು 144. ಇಸ್ಪೀಟಿನಲ್ಲಿ ಆಟಿನ್, ಕಳಾವರ್ ಎಂದು ನಾಲ್ಕು ಗುಂಪುಗಳಿವೆಯಲ್ಲ, ಅಂಥ ಗುಂಪನ್ನೇ ಇಲ್ಲಿ ಬಣ್ಣ ಎನ್ನುತ್ತಿರುವುದು. ಗಂಜೀಫಾದಲ್ಲಿ ಒಂದೊಂದು ಗುಂಪಿನ ನೆಲಕ್ಕೆ ನಿಜವಾಗಿಯೂ ಒಂದೊಂದು ಬಣ್ಣ ಬಳಿದಿರುತ್ತಿತ್ತು. ಆ ಹನ್ನೆರಡರಲ್ಲಿ ಮೊದಲ ಮೂರು ಅಶ್ವಪತಿ, ಗಜಪತಿ, ನರಪತಿ. ಕುದುರೆ ಬಲದ ಅಶ್ವಪತಿ ದಿಲ್ಲಿಯ ಅರಸ, ಆನೆ ಬಲದ ಗಜಪತಿ ಒಡಿಶಾದವನು, ಕಾಲಾಳು ಬಲದ ನರಪತಿ ಬಿಜಾಪುರದ ಸುಲ್ತಾನ ಎಂದು ಅಬುಲ್ ಫಜಲ್ ಬಿಡಿಸಿ ಹೇಳುತ್ತಾನೆ. ಹಂಪಿಯ ಆಸುಪಾಸಿನವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಅದಕ್ಕೂ ಮುಂಚೆ ನರಪತಿ ಎಂದರೆ ವಿಜಯನಗರದ ಅರಸನೆಂದೇ ರೂಢಿ. ವಿಜಯನಗರ ಸೋತ 1565ರ ಯುದ್ಧ ಮುಗಿದು ಕೆಲವೇ ದಶಕಗಳಲ್ಲಿ ಅಕ್ಬರನ ಎಲೆಕಟ್ಟಿನಲ್ಲಿ ನರಪತಿಯ ಸ್ಥಾನ ತುಂಗಭದ್ರೆಯ ದಡದಿಂದ ಬಿಜಾಪುರಕ್ಕೆ ವರ್ಗವಾಗಿತ್ತು.

ಜನ ಹೆಚ್ಚಾಗಿ ಆಡುತ್ತಿದ್ದದ್ದು ಎಂಟು ಬಣ್ಣದ, 96 ಎಲೆಯ ಕಟ್ಟು. ದಖ್ಖನಿನಲ್ಲಿ ಅದೇ ಆಟ ದಶಾವತಾರದ ವೇಷ ತೊಟ್ಟಿತು. ಮತ್ಸ್ಯನಿಂದ ಕಲ್ಕಿಯವರೆಗೆ ಹತ್ತು ಬಣ್ಣ, 120 ಎಲೆ. ದೇವರ ಹೆಸರು ಹೇಳುತ್ತ ಎಲೆ ಇಳಿಸಿದರೆ ಜೂಜಿನ ಕಳಂಕ ಅರ್ಧ ತೊಳೆದಂತೆ ಎಂದು ಆಡುವವರಿಗೆ ಸಮಾಧಾನವೂ ಇತ್ತೇನೋ.

ಗಂಜೀಫಾ ಎಲೆ ಚೌಕವಲ್ಲ, ದುಂಡು. ಮಾಡುವ ಕ್ರಮ ಊರಿಂದೂರಿಗೆ ಸ್ವಲ್ಪ ಬೇರೆಯಾದರೂ ಮೂಲ ಒಂದೇ. ಹಳೆ ಬಟ್ಟೆಯ ಪದರಗಳನ್ನು ಹುಣಸೆ ಬೀಜದ ಸರಿಯಿಂದ ಒಂದರ ಮೇಲೊಂದು ಅಂಟಿಸಬೇಕು. ಒಣಗಿದ ಮೇಲೆ ಎರಡೂ ಬದಿಗೆ ಸುಣ್ಣದ ಪುಡಿಯ ಲೇಪ. ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ತರಿಸಿ, ದುಂಡಗೆ ಕತ್ತರಿಸಿ, ನೆಲದ ಬಣ್ಣ ಬಳಿದು, ಆಮೇಲೆ ಕುಂಚ. ಕೊನೆಗೆ ಅರಗಿನ ಮೆರುಗು. ಬೆನ್ನಿಗೆ ಮಾತ್ರ ಎಲ್ಲ ಎಲೆಗೂ ಒಂದೇ ಬಣ್ಣ, ಚಿತ್ರವಿಲ್ಲ, ಗುರುತಿಲ್ಲ. ಚೌಕಾಬಾರದಲ್ಲಿ ದಾಳವಾಗುವ ಹುಣಸೆ ಬೀಜವೇ ಇಲ್ಲಿ ಅಂಟು. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರು ಇವತ್ತಿಗೂ ಹುಣಸೆ ಬೀಜದ ಅಂಟು ಕಲಸಿದ ಕಿಟ್ಟವನ್ನು ಬಳಸುತ್ತಾರೆ. ಬಯಲುಸೀಮೆಯಲ್ಲಿ ಹುಣಸೆಗೇನು ಬರ!

ಹೀಗೆ ಬಟ್ಟೆಯಿಂದಲೋ ಕಾಗದದಿಂದಲೋ ಮಾಡಿ ಪೇಟೆಯಲ್ಲಿ ಮಾರುತ್ತಿದ್ದ ಎಲೆಗೆ ‘ಬಜಾರ್ ಕಲಂ’ ಎಂದು ಹೆಸರು. ಸಿರಿವಂತರ ಮನೆಗೆ, ಅರಮನೆಗೆ ಹೋಗುತ್ತಿದ್ದದ್ದು ‘ದರ್ಬಾರ್ ಕಲಂ’. ಅದರ ನೆಲವೇ ದಂತ, ಆಮೆಚಿಪ್ಪು, ಮುತ್ತಿನ ಚಿಪ್ಪು. ಅಂಚಿಗೆ ಚಿನ್ನದ ರೇಕು. ದರ್ಬಾರಿನ ಎಲೆಯಲ್ಲಿ ರಾಜ ಆನೆಯೇರಿ ಬಂದರೆ ಹಿಂದೆ ಚಾಮರದವನು, ಮುಂದೆ ಕಹಳೆಯವನು, ಕಾಲಡಿಗೆ ಹುಲ್ಲಿನ ಗರಿಯೂ ಇರುತ್ತಿತ್ತು. ಬಜಾರಿನ ಎಲೆಯಲ್ಲಿ ಅದೇ ರಾಜನಿಗೆ ನಾಲ್ಕು ಗೀರು, ಒಂದು ಮೂಗು, ಒಂದು ಪೇಟ. ಇಷ್ಟೇ ಆದರೂ ಆಡುವವನಿಗೆ ಅವನು ರಾಜನೆಂದು ಥಟ್ಟನೆ ತಿಳಿಯುತ್ತಿತ್ತು. ಆಟಕ್ಕೆ ಬೇಕಾದ್ದು ಅಷ್ಟೇ.

ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ಕೂತಿರುವ ಗಂಜೀಫಾಗಳಲ್ಲಿ ದರ್ಬಾರಿನವೇ ಎದ್ದು ಕಾಣುತ್ತವೆ. ಅದನ್ನು ನೋಡಿ ಗಂಜೀಫಾ ಎಂದರೆ ರಾಜರ ಆಟ ಎಂದು ತೀರ್ಮಾನಿಸುವವರಿದ್ದಾರೆ. ಇದು ತಲೆಕೆಳಗಾದ ಲೆಕ್ಕ. ದಂತದ ಎಲೆ ಉಳಿದದ್ದು ಅದನ್ನು ಪೆಟ್ಟಿಗೆಯಿಂದ ತೆಗೆದದ್ದೇ ಅಪರೂಪವಾದ್ದರಿಂದ. ಬಟ್ಟೆಯ ಎಲೆ ಕೈಯಿಂದ ಕೈಗೆ ಹೋಗಿ, ಬೆವರು ಕುಡಿದು, ಅಂಚು ಹರಿದು, ಒಂದು ಎಲೆ ಕಳೆದುಹೋದ ದಿನ ಇಡೀ ಕಟ್ಟೇ ಒಲೆ ಸೇರಿತು. ಹೆಚ್ಚು ಆಡಿದ್ದು ಯಾವುದೋ ಅದೇ ಉಳಿಯಲಿಲ್ಲ.

ಇನ್ನು ಆಟದೊಳಗಿನ ಬೆಲೆ. ಎಂಟು ಬಣ್ಣದ ಕಟ್ಟಿನಲ್ಲಿ ನಾಲ್ಕು ಬಣ್ಣ ಬಲದವು, ನಾಲ್ಕು ಕಸುವಿಲ್ಲದವು. ಪ್ರತಿ ಬಣ್ಣದಲ್ಲೂ ರಾಜ ಮೊದಲು, ಮಂತ್ರಿ ಆಮೇಲೆ. ಅಲ್ಲಿಂದ ಮುಂದೆ ಬಲದ ಬಣ್ಣದಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಕಸುವಿಲ್ಲದ ಬಣ್ಣದಲ್ಲಿ ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಕೀಳು! ಕತ್ತಿಯ ಬಣ್ಣದಲ್ಲಿ ಬೀಗುವ ಹತ್ತು, ಹೊನ್ನಿನ ಬಣ್ಣಕ್ಕೆ ಬಂದರೆ ಯಾರಿಗೂ ಬೇಡವಾಗುತ್ತದೆ. ದಶಾವತಾರದ ಕಟ್ಟಿನಲ್ಲೂ ಐದು ಬಣ್ಣ ಹೀಗೆ, ಐದು ಹಾಗೆ. ಹಗಲು ಕೂತರೆ ರಾಮನ ರಾಜ ಹಿಡಿದವನು ಆಟ ಶುರುಮಾಡಬೇಕು, ರಾತ್ರಿಯಾದರೆ ಕೃಷ್ಣನ ರಾಜ ಹಿಡಿದವನು.

ಜಾಣತನ ಬೇಕಾಗುವುದು ಎಲೆ ಬಿಸಾಡುವಲ್ಲಿ. ಗಂಜೀಫಾದಲ್ಲಿ ತುರುಫಿಲ್ಲ. ಮೊದಲು ಇಳಿದ ಬಣ್ಣದ ಎಲೆಯನ್ನೇ ಹಾಕಬೇಕೆಂಬ ಕಟ್ಟೂ ಇಲ್ಲ. ಆಡುವ ಮೂವರಲ್ಲಿ ಒಬ್ಬ ರಾಜನನ್ನು ಇಳಿಸಿದರೆ ಉಳಿದಿಬ್ಬರು ತಮಗೆ ಬೇಡದ ಎಲೆಗಳನ್ನು ಅದರ ಮೇಲೆ ಎಸೆಯುತ್ತಾರೆ. ಬೇಡದ ಎಲೆ ಯಾವುದು ಎಂಬುದೇ ಕಷ್ಟ. ಬಲದ ಬಣ್ಣವೊಂದರ ರಾಜ, ಮಂತ್ರಿ, ಹತ್ತು, ಒಂಬತ್ತು ಹೋಗಿಬಿಟ್ಟಿದ್ದರೆ ಕೈಯಲ್ಲಿ ಮೂಲೆಗೆ ಸೇರಿದ್ದ ಎಂಟು ಈಗ ಆ ಬಣ್ಣದ ಒಡೆಯ. ಹೋದದ್ದನ್ನು ಲೆಕ್ಕವಿಟ್ಟವನು ಎಂಟನ್ನು ಕಾಪಾಡಿಕೊಳ್ಳುತ್ತಾನೆ. ಮರೆತವನು ಅದನ್ನೇ ಕಸವೆಂದು ಎಸೆದು ಆಮೇಲೆ ತಲೆ ಚಚ್ಚಿಕೊಳ್ಳುತ್ತಾನೆ. 96 ಎಲೆಯನ್ನು ಮೂವರಿಗೆ ಹಂಚಿದರೆ ತಲೆಗೆ 32. ಮಿಕ್ಕ 64 ಎಲೆಗಳ ಓಡಾಟ ನೆನಪಿನಲ್ಲಿರಬೇಕು. ದಂತದ ಎಲೆ ಹಿಡಿದವನಿಗೆ ಈ ನೆನಪು ಉಚಿತವಾಗಿ ಬರುವುದಿಲ್ಲ.

ಮೈಸೂರಿಗೆ ಬಂದರೆ ಎಲೆಯಾಟ ಬೇರೆಯದೇ ಎತ್ತರಕ್ಕೆ, ಅಥವಾ ಬೇರೆಯದೇ ಅತಿರೇಕಕ್ಕೆ ಹೋಯಿತು. 1794ರಲ್ಲಿ ಹುಟ್ಟಿ 1799ರಲ್ಲಿ, ಇನ್ನೂ ಬಾಲಕನಾಗಿದ್ದಾಗಲೇ, ಪಟ್ಟಕ್ಕೆ ಬಂದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ಅವರ ಕೈಯಿಂದ ಆಡಳಿತ ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗಿನ 37 ವರ್ಷ ಅವರಿಗೆ ಸಿಂಹಾಸನವಿತ್ತು, ರಾಜ್ಯಭಾರವಿರಲಿಲ್ಲ. ಆ ಹೊತ್ತನ್ನು ಅವರು ಗ್ರಂಥಕ್ಕೆ, ಚಿತ್ರಕ್ಕೆ, ಸಂಗೀತಕ್ಕೆ, ಆಟಕ್ಕೆ ಹರಿಸಿದರು. ಚದುರಂಗದ ಕುದುರೆ ಒಂದು ಮನೆಯನ್ನೂ ಎರಡು ಸಲ ಮೆಟ್ಟದೆ 64 ಮನೆ ಸುತ್ತುವ ಲೆಕ್ಕವೆಂದರೆ ಅವರಿಗೆ ಪ್ರಾಣ. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಒಂಬತ್ತು ನಿಧಿಗಳಿವೆ. ಕೊನೆಯದಾದ ಕೌತುಕನಿಧಿಯಲ್ಲಿ ಎಲೆಯಾಟಗಳಿವೆ. ಅಲ್ಲಿ ಅವಕ್ಕೆ ಛದ ಎಂದು ಹೆಸರು.

ಚಾಮುಂಡೇಶ್ವರಿ ಛದಕ್ಕೆ 16 ಬಣ್ಣ, 320 ಎಲೆ. ಜಗನ್ಮೋಹನ ಛದಕ್ಕೆ 18 ಬಣ್ಣ, 360 ಎಲೆ. ಕೃಷ್ಣರಾಜ ಛದ ಇವುಗಳ ಪಕ್ಕದಲ್ಲಿ ಬಡಪಾಯಿ, ನಾಲ್ಕೇ ಬಣ್ಣ, 72 ಎಲೆ. ದೇವಿ, ನವಗ್ರಹ, ದಿಕ್ಪಾಲಕರು, ಪಾಂಡವರು ಹೀಗೆ ಪುರಾಣದ ಪರಿವಾರವೆಲ್ಲ ಎಲೆಗಿಳಿದು ಬಂದಿದೆ. ಒಂದೊಂದು ಎಲೆಯೂ ಕೈಯಗಲದ ಮೈಸೂರು ಶೈಲಿಯ ಚಿತ್ರ. ಕಲೆಯೆಂದು ನೋಡಿದರೆ ಕಣ್ಣು ತುಂಬುತ್ತದೆ. ಆಟವೆಂದು ನೋಡಿದರೆ? ಜಗನ್ಮೋಹನ ಛದಕ್ಕೆ ಮೂವರು ಕೂತರೆ ಒಬ್ಬೊಬ್ಬರ ಪಾಲಿಗೆ 120 ಎಲೆ. ಹಿಡಿಯಲು ಎರಡು ಕೈ ಸಾಲದು, ನೆನಪಿಡಲು ಒಂದು ತಲೆ ಸಾಲದು. ಆಡಳಿತವಿಲ್ಲದ ದೊರೆಯೊಬ್ಬರು ಎಲೆಗಳಲ್ಲೇ ಸಾಮ್ರಾಜ್ಯ ಕಟ್ಟಿದರು ಎಂದು ಬರೆಯುವುದು ಸುಲಭ. ಎಣಿಕೆಯ ಹುಚ್ಚಿದ್ದ, ಜಾಣ ಗಣಿತಪ್ರೇಮಿಯೊಬ್ಬರಿಗೆ ಕೈತುಂಬ ಬಿಡುವು ಸಿಕ್ಕಿತು ಎಂಬುದು ನಿಜಕ್ಕೆ ಹತ್ತಿರ. ಆ ಛದಗಳು ಅರಮನೆಯ ಆಚೆ ಬೇರು ಬಿಡಲಿಲ್ಲ. ಕುತೂಹಲವಿದ್ದವರು ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ ಮುಮ್ಮಡಿಯವರ ಕಾಲದ ಆಟಗಳ ಪಟಗಳನ್ನು ನೋಡಬಹುದು. 1861ರಲ್ಲಿ ಆ ಅರಮನೆ ಕಟ್ಟಿಸಿದವರೂ ಅವರೇ.

ದರ್ಬಾರಿನ ಎಲೆಯನ್ನೂ ಬಜಾರಿನ ಎಲೆಯನ್ನೂ ಒಟ್ಟಿಗೆ ಹೊಡೆದದ್ದು ಅಚ್ಚಿನ ಯಂತ್ರ. 19ನೇ ಶತಮಾನದಲ್ಲಿ ಕಲ್ಲಚ್ಚಿನ ಬಣ್ಣದ ಮುದ್ರಣ ಅಗ್ಗವಾಯಿತು. ಬೆಲ್ಜಿಯಂನ ತುರ್ನ್‌ಹೌಟ್ ಎಂಬ ಪಟ್ಟಣದ ಕಾರ್ಖಾನೆಗಳು ಇಸ್ಪೀಟೆಲೆ ಅಚ್ಚುಹಾಕಿ ಏಷ್ಯಾದ ಪೇಟೆಗಳಿಗೆ ಹಡಗಿನಲ್ಲಿ ಸಾಗಿಸಿದವು. ಚಿತ್ರಗಾರನ ಮನೆಯಲ್ಲಿ ಒಂದು ಕಟ್ಟಿಗೆ ಬಣ್ಣ ಹಾಕಿ ಮುಗಿಸುವಷ್ಟರಲ್ಲಿ ಅಲ್ಲಿ ಸಾವಿರಾರು ಕಟ್ಟು ಹೊರಬೀಳುತ್ತಿದ್ದವು. ಎಲೆ 52ಕ್ಕೆ ಇಳಿಯಿತು. ಮೂಲೆಯಲ್ಲೇ ಅಂಕಿ ಇದ್ದದ್ದರಿಂದ ಬೀಸಣಿಗೆಯಂತೆ ಹರಡಿ ಒಂದೇ ಕೈಯಲ್ಲಿ ಹಿಡಿಯಬಹುದಾಯಿತು. ಹರಿದರೆ ದುಃಖವಿಲ್ಲ, ಹೊಸದು ತಂದರಾಯಿತು. ಎಕ್ಕ, ರಾಜ, ರಾಣಿ, ಗುಲಾಮ ಹಳ್ಳಿಗಳಿಗೆ ಬಂದು ಕಾಲೂರಿದರು. ಇನ್ನು ಹುಣಸೆ ಬೀಜ ಕುದಿಸುತ್ತ ಕೂರುವವರು ಯಾರು?

ಯುಗಾದಿ, ದೀಪಾವಳಿ ಬಂದರೆ ಹಡಗಲಿ ಸೀಮೆಯಲ್ಲೂ ಇಸ್ಪೀಟು ಹೊರಬರುತ್ತದೆ, ಅದರ ಹಿಂದೆಯೇ ಪೊಲೀಸರೂ ಬರುತ್ತಾರೆ. ಬಯಲಲ್ಲಿ ಪಣವಿಟ್ಟು ಅಂದರ್-ಬಾಹರ್ ಆಡಿದರೆ ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಕಲಂ 87. ಪತ್ರಿಕೆಯ ಜಿಲ್ಲಾ ಪುಟ ಓದುವವರಿಗೆ ಈ ಸಂಖ್ಯೆ ಬಾಯಿಪಾಠ. ಅಂದರ್-ಬಾಹರ್‌ನಲ್ಲಿ ಆರಿಸುವ ಪ್ರಶ್ನೆಯೇ ಇಲ್ಲ. ಎಲೆ ಈ ಕಡೆ ಬೀಳುತ್ತದೋ ಆ ಕಡೆಯೋ ಎಂದು ಬಾಯಿ ಬಿಟ್ಟು ನೋಡುವುದಷ್ಟೇ.

ರಮ್ಮಿ ಹಾಗಲ್ಲ. 1967ರಲ್ಲಿ ಆಂಧ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಬರೀ ಅದೃಷ್ಟದ ಆಟವೆನ್ನಲು ಒಪ್ಪಲಿಲ್ಲ. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕು ಎಂಬ ವಿವೇಚನೆ ಬೇಕು, ಆದ್ದರಿಂದ ಇದು ಮುಖ್ಯವಾಗಿ ಕೌಶಲದ ಆಟ ಎಂಬುದು ಕೋರ್ಟಿನ ವಾದಸರಣಿ. ಹದಿಮೂರು ಎಲೆಯ ರಮ್ಮಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಕ್ಕ, ರಾಜ, ರಾಣಿ, ಗುಲಾಮ ಒಂದೊಂದಕ್ಕೂ ಹತ್ತತ್ತು ಅಂಕ. ಎದುರಿನವನು ಆಟ ಮುಗಿಸಿದಾಗ ಹೊಂದದೆ ಉಳಿದ ಎಲೆಗಳ ಅಂಕವೆಲ್ಲ ಸಾಲವಾಗಿ ತಲೆಗೆ ಬರುತ್ತದೆ. ಆದ್ದರಿಂದ ಜೊತೆ ಸಿಗದ ರಾಣಿಯನ್ನು ಆಸೆಯಿಂದ ಅಪ್ಪಿಕೊಂಡು ಕೂತವನು ಕೆಡುತ್ತಾನೆ, ಎರಡು-ಮೂರನ್ನು ಇಟ್ಟುಕೊಂಡವನು ಸೋತರೂ ಸಣ್ಣದರಲ್ಲಿ ಪಾರಾಗುತ್ತಾನೆ. ಕಾಸರಗೋಡು, ದಕ್ಷಿಣ ಕನ್ನಡದ ಕಡೆ ಆಡುವ ಇಪ್ಪತ್ತೆಂಟರಲ್ಲಂತೂ ಶ್ರೇಣಿಯೇ ಬುಡಮೇಲು. ಅಲ್ಲಿ ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು, ರಾಜ-ರಾಣಿಗೆ ಸೊನ್ನೆ. ಗಂಜೀಫಾದ ಕಸುವಿಲ್ಲದ ಬಣ್ಣ ಕಂಡಿದ್ದವರಿಗೆ ಇದರಲ್ಲಿ ಆಶ್ಚರ್ಯವೇನೂ ಇರುತ್ತಿರಲಿಲ್ಲ.

ದೊಡ್ಡ ಎಲೆಯೋ ಸಣ್ಣದೋ ಎಂಬ ಇದೇ ಜಗ್ಗಾಟವನ್ನು ಹೊಸ ಕಾಲದಲ್ಲಿ ವ್ಯಾಪಾರವಾಗಿಸಿದ್ದು ಅಮೆರಿಕದ ‘ಮ್ಯಾಜಿಕ್: ದ ಗ್ಯಾದರಿಂಗ್’. ರಿಚರ್ಡ್ ಗಾರ್‌ಫೀಲ್ಡ್ ಎಂಬ ಗಣಿತಜ್ಞ ರೂಪಿಸಿದ ಈ ಆಟ 1993ರಲ್ಲಿ ಪೇಟೆಗೆ ಬಂತು. ಡ್ರಾಫ್ಟ್ ಎಂಬ ಬಗೆಯಲ್ಲಿ ಎಲ್ಲರೂ ಒಂದೊಂದು ಪೊಟ್ಟಣ ಒಡೆದು ತಮಗೆ ಬೇಕಾದ ಒಂದು ಕಾರ್ಡು ಇಟ್ಟುಕೊಂಡು ಉಳಿದದ್ದನ್ನು ಪಕ್ಕದವರಿಗೆ ದಾಟಿಸುತ್ತಾರೆ. ಮೂರು ಪೊಟ್ಟಣ ಖಾಲಿಯಾದ ಮೇಲೆ ಆರಿಸಿಕೊಂಡವುಗಳಿಂದ 40 ಕಾರ್ಡಿನ ಕಟ್ಟು ಕಟ್ಟಬೇಕು. ಬಹುತೇಕ ಕಾರ್ಡುಗಳ ಮೇಲೆ ಆಡುವ ಖರ್ಚೊಂದು ಬರೆದಿರುತ್ತದೆ. ಆ ಖರ್ಚು ತೂಗಿಸುವ ಶಕ್ತಿ ಸುತ್ತಿಗಿಷ್ಟು ಎಂಬಂತೆ ನಿಧಾನವಾಗಿ ಬೆಳೆಯುತ್ತದೆ. ಹೊಸಬರು ದೈತ್ಯರನ್ನೂ ಡ್ರ್ಯಾಗನ್‌ಗಳನ್ನೂ ಬಾಚಿಕೊಂಡು ಮೊದಲ ನಾಲ್ಕು ಸುತ್ತು ಕೈಕಟ್ಟಿ ಕೂರುತ್ತಾರೆ. ಪಳಗಿದವರು ಎರಡು-ಮೂರು ಖರ್ಚಿನ ಸಣ್ಣ ಕಾರ್ಡುಗಳನ್ನೇ ಹೆಚ್ಚು ತುಂಬಿ, ದೊಡ್ಡವಕ್ಕೆ ನಾಲ್ಕೈದು ಜಾಗವಷ್ಟೇ ಬಿಡುತ್ತಾರೆ. ಈ ಆಟದ ಹಳೆಯ ‘ಬ್ಲ್ಯಾಕ್ ಲೋಟಸ್’ ಕಾರ್ಡಿನ ಒಂದು ಪ್ರತಿ 2021ರ ಜನವರಿಯ ಹರಾಜಿನಲ್ಲಿ 5,11,100 ಡಾಲರಿಗೆ ಹೋಯಿತು. ಆಡುವಾಗ ಅದರ ಖರ್ಚು ಸೊನ್ನೆ! ಅಂಗಡಿಯ ಬೆಲೆ, ಆಟದ ಬೆಲೆ ಎರಡನ್ನೂ ಇಷ್ಟು ನಿಚ್ಚಳವಾಗಿ ಒಂದೇ ರಟ್ಟಿನ ಮೇಲೆ ತೋರಿಸುವ ಇನ್ನೊಂದು ಎಲೆ ಸಿಗುವುದು ಕಷ್ಟ.

ಗಂಜೀಫಾ ಈಗ ಉಳಿದಿರುವುದು ಹೆಚ್ಚಾಗಿ ಚಿತ್ರವಾಗಿ. ಬೆಳಗಾವಿಯಿಂದ ಘಟ್ಟ ಇಳಿದರೆ ಸಿಗುವ ಸಾವಂತವಾಡಿಯಲ್ಲಿ ರಾಜಮನೆತನದ ಶಿವರಾಮರಾಜೇ ಭೋಂಸ್ಲೆ, ಸತ್ವಶೀಲಾದೇವಿ ದಂಪತಿ 1970ರ ದಶಕದಲ್ಲಿ ಈ ಕಸುಬಿಗೆ ಮರುಜೀವ ಕೊಟ್ಟರು. ನಮ್ಮಲ್ಲಿ ರಘುಪತಿ ಭಟ್ಟರು ಅದರಲ್ಲೇ ಮುಳುಗಿದವರು. ಗಂಜೀಫಾ ಎಂಬುದು ಅವರ ಹೆಸರಿನ ಮುಂದೆಯೇ ಅಂಟಿಕೊಂಡಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಹೆಸರಿನ ಪ್ರದರ್ಶನಗಳಲ್ಲಿ ಹಳೆಯ ಮಣೆಯಾಟಗಳನ್ನು ಮತ್ತೆ ಜನರ ಮುಂದಿಟ್ಟಿದೆ. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಎಲ್ಲ ಒಳ್ಳೆಯದೇ. ಆದರೆ ಇವತ್ತು ಕೈಯಿಂದ ಬರೆದ ಎಲೆ ಕೊಳ್ಳುವವರು ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುತ್ತಾರೆ. ಕೊಟ್ಟ ದುಡ್ಡು ನೋಡಿದರೆ ಅದನ್ನು ಚಾಪೆಯ ಮೇಲೆ ಎಸೆದು ಆಡಲು ಯಾರಿಗೂ ಮನಸ್ಸು ಬರುವುದಿಲ್ಲ. ಬಜಾರ್ ಕಲಂ ಇಲ್ಲದೆ ದರ್ಬಾರ್ ಕಲಂ ಒಂದೇ ಉಳಿದರೆ ಚಿತ್ರ ಉಳಿಯುತ್ತದೆ, ಆಟ ಹೋಗುತ್ತದೆ. ಆಗಿರುವುದೂ ಅದೇ.

ಆಟವನ್ನು ಆಡಿಯೇ ನೋಡಬೇಕೆನ್ನುವವರು ದಂತಕ್ಕೂ ಚಿನ್ನದ ರೇಕಿಗೂ ಕಾಯಬೇಕಿಲ್ಲ. ಸಂತೆಯಲ್ಲಿ ಸಿಗುವ, ಬೆನ್ನಿನ ಚಿತ್ರ ಒಂದೇ ಇರುವ ಎರಡು ಕಟ್ಟು ಇಸ್ಪೀಟು ತನ್ನಿ. ಎರಡರಿಂದಲೂ ಜೋಕರುಗಳನ್ನೂ ನಾಲ್ಕು ರಾಣಿಯರನ್ನೂ ತೆಗೆದಿಡಿ. ಒಂದು ಕಟ್ಟಿನ ಪ್ರತಿ ಎಲೆಯ ಮುಖಕ್ಕೆ ಮೂಲೆಯಲ್ಲಿ ಕೆಂಪು ಶಾಯಿಯ ಚುಕ್ಕಿ ಇಡಿ. ಈಗ ಎಂಟು ಬಣ್ಣ, 96 ಎಲೆ ಸಿದ್ಧ. ರಾಜ ರಾಜನೇ, ಗುಲಾಮನಿಗೆ ಮಂತ್ರಿಗಿರಿ, ಎಕ್ಕ ಬರೀ ಒಂದು. ಚುಕ್ಕಿಯಿಲ್ಲದವು ಬಲದ ಬಣ್ಣ, ಹತ್ತು ಮೇಲು. ಚುಕ್ಕಿಯವು ಕಸುವಿಲ್ಲದ ಬಣ್ಣ, ಒಂದು ಮೇಲು. ಮೂವರು ಕೂತು ತಲೆಗೆ 32 ಹಂಚಿಕೊಳ್ಳಿ. ಪಣ ಮಾತ್ರ ಇಡಬೇಡಿ, ಕಲಂ 87 ಇನ್ನೂ ಜಾರಿಯಲ್ಲಿದೆ.